ನೆತ್ತಿ ಮ್ಯಾಲಿನ ಹೆಜ್ಜೆ

ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿದು ಹೊಲಿದು
ಕೌಲ್ ಬಜಾರಿನಾಗೆ ಕಟ್ಟಿಸಿದ ಮ್ಯಾಲಂತಸ್ತು ಇದು.
ಬಾಡಿಗೆಗೆ ಐತೆ ಅಂತ ಬೋರ್ಡು ಹಾಕಿದರೆ
ಬ್ರೆಜಿಲ್ ಬಂತು.

ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ,
ನಸುಕಿಗೇ ಬಸ್ಸು. ಕಂಪನಿ ಕ್ವಾಟ್ರಸ್ ಸಿಗೋತನಕ ಇಲ್ಲೇ.
ಹೆಂಡತಿ ಜುಸಾರಾ. ಎಲ್ಡು ಮಕ್ಕಳು,
ಆರು ಸೂಟ್‌ಕೇಸು, ಒಂದು ದಿಂಬು.
ಆ ದಿಂಬನ್ನ ಸಣ್ಣಾಕಿ ಯಾರ ಕೈಗೂ ಕೊಡಲಿಲ್ಲ,
ಆಟೋದವನಿಗೂ, ನನಗೂ.
ವನ್ನೂರಮ್ಮ ಅನ್ನೋ ನನ್ನ ಹೆಸರು
ಅವರ ಬಾಯಾಗೆ ಸವೆದು ನೂರಾ ಆಯ್ತು.
ನೂರಾದರೆ ನೂರು.

ದೊಡ್ಡವನು ಕಾಯೊ.
ಸಂಜೆ ತಾಯಿ ಮಾಳಿಗೆ ಮ್ಯಾಲೆ ನಿಂತು
"ಕಾಯೊ! ಕಾಯೊ!" ಅಂತ ಒದರಿದರೆ
ಎದುರುಮನೆ ಈರಮ್ಮಜ್ಜಿ ಕೈ ಮುಗೀತಾಳೆ:
"ಯಾವ ದ್ಯಾವರನ್ನ ಕರೀತಾಳೋ ಪಾಪ.
ನಮ್ಮದೇ ಇರಬೇಕು, ಕನ್ನಡದಾಗೆ ಕರೀತಾಳಲ್ಲ."
ಕಾಯೊ ಓಣಿಯಾಗೆ ಬ್ಯಾಟನ್ನ
ಒನಕೆ ಹಿಡಿದಂಗೆ ಹಿಡಿದು ಔಟಾಗಿ,
ಔಟಾದದ್ದು ತಿಳೀದೆ ಅಲ್ಲೇ ನಿಂತಿರ್ತಾನೆ.

ಸಣ್ಣಾಕಿ ಥಾಯಿಸ್
ಮೊದಲ ದಿನ ನನ್ನ ಸೆರಗು ಜಗ್ಗಿ
"ಆಗ್ವ" ಅಂದಳು.
ಏನಾಗ್ವದವ್ವಾ, ಎಲ್ಲಾ ಚಲೋ ಆಗ್ವದು, ಅಂದೆ.
"ಆಗ್ವ."
ಆಗತೈತೆ ತಗೋ, ಅಂದೆ.
ಅತ್ತಳು. ಆಮ್ಯಾಲೆ ತಿಳೀತು,
ಅವರ ಮಾತಿನಾಗೆ ನೀರಿಗೆ ಹಂಗಂತಾರಂತೆ.
ವಾರಕ್ಕೊಮ್ಮೆ ನಳ ಬರೋ ಊರಾಗೆ
ನೀರಿಗೆ ಇದಕಿಂತ ಚಲೋ ಹೆಸರು ಯಾರಿಟ್ಟಾರು.

ಆ ವಾರವೆಲ್ಲ ರಾತ್ರಿ ನನ್ನ ನೆತ್ತಿ ಮ್ಯಾಲೆ ಹೆಜ್ಜೆ.
ಕೂಸು ಅಳತೈತೆ. ತಾಯಿ ಎದ್ದಾಳೆ.
ನಾಕು ಹೆಜ್ಜೆ. ನಿಂತಳು. ಗೋಡೆ ಸವರ್ತಾಳೆ.
ಒಂದು ಗುಂಡಿ ಒತ್ತಿದರೆ ಫ್ಯಾನು,
ಇನ್ನೊಂದು ಒತ್ತಿದರೆ ಹೊರಗಿನ ಲೈಟು,
ಬೆಳಕು ಬಂದು ನನ್ನ ಅಂಗಳದಾಗೆ ಬಿತ್ತು.
ಸ್ಟೂಲಿಗೆ ಕಾಲು ತಾಗಿದ ಸದ್ದು,
ಅವಳ ಭಾಷೆಯ ಒಂದು ಬೈಗಳ.
ಅದೊಂದು ನನಗೆ ತಿಳೀತು.

ಕೆಳಗೆ ನಾನು ಕಣ್ಣು ಬಿಟ್ಟುಕೊಂಡು ಮಲಗಿ
ನನ್ನ ಬಳ್ಳಾರಿಯ ಮೊದಲ ರಾತ್ರಿ ನೆನೆಸಿದೆ.
ಗಣಿ ನಿಂತ ವರ್ಷ, ತಗಡಿನ ಕೋಣೆ,
ಅತ್ತೊಂದು ಇತ್ತೊಂದು ಕೂಸು.
ಹುಲಿಗೆಮ್ಮ ಎದ್ದು ನೀರು ಕೇಳಿದ್ದಳು.
ಸಂಡೂರಿಗೂ ಇಲ್ಲಿಗೂ ಎಲ್ಡು ತಾಸು ಬಸ್ಸು, ಅಷ್ಟೇ.
ಆದರೆ ಕತ್ತಲಾಗೆ ಕೊಡ ಎಲ್ಲಿಟ್ಟೀನಿ ತಿಳೀದಿದ್ದರೆ
ಅದು ಪರದೇಶ.

ಒಂದಿನ ಜುಸಾರಾ ಕಿಟಕಿ ಒರೆಸಿದ ಬಟ್ಟೆ ಹಿಡಕೊಂಡು
ದಡದಡ ಇಳಿದು ಬಂದಳು.
ಜಗಳಕ್ಕೇ ಬಂದಳು ಅಂದುಕೊಂಡೆ,
ಈ ಧೂಳಿಗೆ ಹೆದರಿ ಓಡಿಹೋದ ಬಾಡಿಗೆದಾರರುಂಟು.
ಅವಳು ಬಟ್ಟೆ ಬಿಡಿಸಿ ಮೂಸಿ ನೋಡಿದಳು.
ಕೆಂಪು. ಅದಿರಿನ ಕೆಂಪು.
ಫೋನಿನಾಗೆ ತಮ್ಮೂರು ತೋರಿಸಿದಳು:
ಅರ್ಧ ಕಡಿದ ಗುಡ್ಡ, ಲಾರಿ ಸಾಲು,
ತಂತಿ ಮ್ಯಾಲೆ ಒಣಗೋ ಬಿಳೀ ಅಂಗಿ, ಬಿಳೀ ಅಲ್ಲ.
ಥೇಟ್ ಸಂಡೂರು, ಒಂದು ಚರ್ಚು ಹೆಚ್ಚು.
ನಕ್ಕೆವು.
ಆಮ್ಯಾಲೆ ಎದೆ ಮುಟ್ಟಿ, ಕೆಮ್ಮಿ,
ಅವರಪ್ಪ ಹೆಂಗೆ ಹೋದ ಅಂತ ತೋರಿಸಿದಳು.
ನನ್ನ ಗಂಡ ಹೋದದ್ದನ್ನ
ನಾನೂ ಹಂಗೇ ತೋರಿಸಿದೆ.
ಒಗ್ಗಾಣಿ ತಟ್ಟೆ ಮುಂದಿಟ್ಟೆ.
ಮಿರ್ಚಿ ಕಚ್ಚಿ ಕಣ್ಣಾಗೆ ನೀರು ತಂದಳು.
ಮಿರ್ಚಿಗೋ ಏನೋ, ನಾ ಕೇಳಲಿಲ್ಲ.

ಈಗ ಏಪ್ರಿಲ್. ನಿನ್ನೆ ರಾತ್ರಿ ಕರೆಂಟು ಹೋಯ್ತು,
ಫ್ಯಾನು ನಿಂತು ಊರೆಲ್ಲ ಎದ್ದು ಕುಂತಿತು.
ಮ್ಯಾಲೆ ಸಣ್ಣಾಕಿ ದನಿ: "ನೀರು."
ನೀರೇ ಅಂದಳೋ, ನಿದ್ದೆಗಣ್ಣಾಗೆ ನಾನೇ ಹಂಗೆ ಕೇಳಿಸಿಕೊಂಡೆನೋ.
ತಾಯಿ ಹೆಜ್ಜೆ ಎಣಿಸಿದೆ.
ಏಳು. ನಡುವೆ ಎಲ್ಲೂ ನಿಲ್ಲಲಿಲ್ಲ.
ಕೊಡದ ಮುಚ್ಚಳ, ಲೋಟ ಅದ್ದಿದ ಸಪ್ಪಳ,
ಮತ್ತೆ ಏಳು.

ನಾಳೆ ನಳ ಬರೋ ದಿನ.
ಬಾಡಿಗೆ ಐನೂರು ಏರಿಸಬೇಕು ಅಂತಿದ್ದೆ,
ಮುಂದಿನ ತಿಂಗಳು ನೋಡಿದರಾಯ್ತು.