ಸೂಲಂಗಿ

ನನ್ನ ಗಾಡಿ ಓಡುವುದಿಲ್ಲ, ನಡೆಯುತ್ತದೆ.
ಎಂಬತ್ತನಾಲ್ಕರ ಪದ್ಮಿನಿ, ನೆತ್ತಿಯ ಮೇಲೆರಡು ಕಹಳೆ.
ಮಂಡ್ಯದ ಪೇಟೆ ಬೀದಿಯಿಂದ ಕಲ್ಲಹಳ್ಳಿಯವರೆಗೆ
ಸೀರೆ ರಿಯಾಯಿತಿ, ಕರೆಂಟು ನಿಲುಗಡೆ, ಕಾಲುಬಾಯಿ ಜ್ವರದ ಲಸಿಕೆ,
ಎಲ್ಲವನ್ನೂ ಒಂದೇ ಗಂಟಲಲ್ಲಿ ಸಾರುತ್ತ
ಗಂಟೆಗೆ ಹತ್ತು ಕಿಲೋಮೀಟರ್.
ಅದಕ್ಕಿಂತ ಜೋರಾದರೆ ಮಾತು
ಹೊಸಿಲು ದಾಟಿ ಒಳಗೆ ಹೋಗುವುದಿಲ್ಲ.

ಕಬ್ಬು ಕಡಿಯುವ ಕಾಲಕ್ಕೆ ಶುರುವಾಯಿತು ಕಾವು.
ಮುಳ್ಳು ನಡುವೆ ನಿಂತಿದ್ದದ್ದು ಕೆಂಪಿನತ್ತ ಒರಗಿ
ಹೊಳಲು ಸರ್ಕಲ್ಲಿನಲ್ಲಿ, ಮಹಿಳೆಯರ ವಿಶೇಷ ಗಮನಕ್ಕೆ, ಎನ್ನುವಷ್ಟರಲ್ಲಿ
ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಹಬೆ.
ಹಿಂದೆ ಕಬ್ಬಿನ ಟ್ರ್ಯಾಕ್ಟರಿನವನ ಹಾರನ್ನು,
ಮೇಲೆ ಕಹಳೆಯಲ್ಲಿ ನನ್ನದೇ ಬೈಗುಳ.
ಮೈಕು ಆರಿಸಲು ಮರೆತಿದ್ದೆ.

ಒಬ್ಬ ನೀರು ಕಮ್ಮಿ ಅಂದ. ಹುಯ್ದೆ.
ಒಬ್ಬ ವಾಟರ್ ಪಂಪು ಬದಲಿಸಿದ, ಎರಡು ಸಾವಿರದ ಇನ್ನೂರು.
ಬಸ್ ಸ್ಟ್ಯಾಂಡಿನ ಹಿಂದಿನವನು ಥರ್ಮೋಸ್ಟಾಟನ್ನೇ ಕಿತ್ತು
"ಇದ್ಯಾಕಣ್ಣ ನಮ್ಮೂರ ಬಿಸ್ಲಿಗೆ" ಎಂದು ಅಂಗೈಗಿಟ್ಟ.
ಮತ್ತೊಬ್ಬ ಇಂಜಿನ್ನಿಗೆ ಕಿವಿಗೊಟ್ಟು
ಹೆಡ್ ಗ್ಯಾಸ್ಕೆಟ್, ಎಂದ,
ಸಾವಿನ ಮನೆಯ ದನಿಯಲ್ಲಿ.

ಗುತ್ತಲು ರಸ್ತೆಯ ಚೌರಪ್ಪ ಸ್ಪ್ಯಾನರು ಮುಟ್ಟಲಿಲ್ಲ.
"ಯಾವಾಗ ಕಾಯ್ತದೆ? ಓಡುವಾಗ್ಲೊ, ತೆವಳುವಾಗ್ಲೊ?"
ತೆವಳುವಾಗ, ಎಂದೆ.
ಎಣ್ಣೆಯ ಕಡ್ಡಿ ಎಳೆದು ನೋಡಿದ, ಹಾಲಿನ ಬಣ್ಣವಿಲ್ಲ.
ಗಾಡಿ ತಣಿದ ಮೇಲೆ ಮುಚ್ಚಳ ತೆಗೆದು, ಚಾಲು ಮಾಡಿಸಿ ಬಗ್ಗಿದ,
ಗುಳ್ಳೆ ಏಳಲಿಲ್ಲ.
"ಗ್ಯಾಸ್ಕೆಟ್ ಗಟ್ಯಾಗೈತೆ. ಯಾರು ನಿನ್ನ ಎದರ್ಸಿದ್ದು?"
ಹಿಂದಿನ ಸೀಟಿನಿಂದ ಸೀರೆಯಂಗಡಿಯ ಕರಪತ್ರವೊಂದ ತೆಗೆದು
ಮುಂದಿನ ಜಾಲರಿಗೆ ಆನಿಸಿ ಕೈಬಿಟ್ಟ.
ಫ್ಯಾನು ಎಳೆದು ಅಂಟಿಸಿಕೊಳ್ಳಬೇಕಿತ್ತು.
ಕಾಗದ ಜಾರಿ ನೆಲಕ್ಕೆ ಬಿತ್ತು.

ಜಾಲರಿ ಬಿಚ್ಚಿದರೆ ರೇಡಿಯೇಟರಿನ ಮುಖವೇ ಕಾಣದು.
ಬೂದು ತುಪ್ಪಳ, ಬೆರಳಿನ ದಪ್ಪ.
ಎರಡು ತಿಂಗಳು ಕಬ್ಬಿನ ಗಾಡಿಗಳ ಬೆನ್ನಿಗೆ ತೆವಳಿ
ಹೀರಿಕೊಂಡ ಸೂಲಂಗಿ,
ಅದರ ಮೇಲೆ ಆಲೆಮನೆಯ ಮಸಿ, ರಚ್ಚಿನ ಪುಡಿ,
ಒಂದು ಹಳದಿ ಚಿಟ್ಟೆಯ ಅರ್ಧ ರೆಕ್ಕೆ.
"ಎಲ್ರೂ ಒಟ್ಟೆ ಕುಯ್ದವ್ರೆ, ಒಬ್ನೂ ಮೂಗು ನೋಡಿಲ್ಲ."

ಮಗಳು ರೋಜಿನಾ ಪೈಪು ಹಿಡಿದು ಮುಂದಿನಿಂದ ನೀರು ಬಿಡಹೋದಳು.
ತಡೆದ.
"ಇತ್ಲಿಂದ ಬುಟ್ರೆ ಇನ್ನೂ ಒಳಿಕ್ಕೋಯ್ತದೆ.
ಫ್ಯಾನ್ ಕಡೆಯಿಂದ ಬುಡು, ಮೆಲ್ಲಗೆ.
ಬಂದ್ ದಾರೀಲೇ ಓಗ್ಲಿ."
ಕಪ್ಪು ನೀರು, ಕಂದು ನೀರು, ಬರೀ ನೀರು.
ಮಡಿಸಿಕೊಂಡ ತಗಡಿನ ಎಳೆಗಳನ್ನು ಅವಳು
ತಲೆಯ ಹೇರ್‌ಪಿನ್ನು ತೆಗೆದು ಒಂದೊಂದೇ ನಿಲ್ಲಿಸಿದಳು.
ಸಂಜೆಯಾಯಿತು.

ಕಿತ್ತದ್ದನ್ನು ಎಸೆದೆಯಾ, ಎಂದು ಚೌರಪ್ಪ ಕೇಳಿದ.
ಜೇಬಿನಲ್ಲೇ ಇತ್ತು, ಬೀಡಿಯ ಜೊತೆ.
ಎದುರಿನ ಟೀ ಅಂಗಡಿಯ ಒಲೆಯ ಮೇಲೆ ನೀರಿಟ್ಟು ಅದರಲ್ಲಿ ಇಳಿಬಿಟ್ಟ.
"ನನ್ ಪಾತ್ರೇಲಿ ಗ್ರೀಸು ಬೇಯಿಸ್ತೀಯೇನ್ಲಾ" ಎಂದು ಬೈದ ಕೆಂಪಾಜಮ್ಮನೇ
ಎಲ್ಲರಿಗಿಂತ ಹತ್ತಿರ ಬಗ್ಗಿದಳು.
ನೀರು ಗುನುಗಿತು. ಕುದಿ ಇನ್ನೂ ಬಂದಿರಲಿಲ್ಲ,
ಹಿತ್ತಾಳೆಯ ತುಟಿ ಕೂದಲೆಳೆಯಷ್ಟು ಬಿರಿದು
ಮೆಲ್ಲಗೆ, ಮೆಲ್ಲಗೆ, ಪೂರ್ತಿ.
"ಅಯ್ಯೋ, ಕಪ್ಪೆ ಬಾಯ್ ಬುಟ್ಟಂಗೆ!"
ಹೊರಗಿಟ್ಟರೆ ತಣಿಯುತ್ತ ತಾನೇ ಮುಚ್ಚಿಕೊಂಡಿತು.
ನನ್ನ ಕಸುಬಿನಲ್ಲಿ ಬಾಯಿ ತೆರೆಯಲು
ಇಂತಿಷ್ಟು ಕಾವು ಎಂದೇನೂ ಇಲ್ಲ.
ಮುಂಗಡ ಸಾಕು.

ಇದ್ದ ಜಾಗದಲ್ಲೇ ಕೂರಿಸಿ ಮುನ್ನೂರೈವತ್ತು ತೆಗೆದುಕೊಂಡ.
ಕರಪತ್ರ ಈಗ ಜಾಲರಿಗೆ ಬಡಿದು ಅಂಟಿತ್ತು,
ಕಿತ್ತರೂ ಬಿಡದೆ.

ಮರುದಿನ ಅದೇ ಸರ್ಕಲ್ಲು, ಮುಂದೆ ಅದೇ ಕಬ್ಬು,
ಗಾಜಿನ ಮೇಲೆ ತೇಲಿ ಬಂದು ಕೂರುವ ಬಿಳಿ ಎಳೆಗಳು.
ಮುಳ್ಳು ನಡುವಿನಲ್ಲಿ. ಅದನ್ನೇ ನೋಡುತ್ತ
ಸಾರಬೇಕಾದ್ದು ಮರೆತೆ.
ಕಹಳೆಗಳಿಂದ ಒಂದು ಬೀದಿಯುದ್ದಕ್ಕೂ ಬರೀ ಇಂಜಿನ್ನಿನ ಸದ್ದು.
ಮುದುಕಿಯೊಬ್ಬಳು ಬಾಗಿಲಿಗೆ ಬಂದು, ಏನಂತಪ್ಪಾ, ಎಂದಳು.
ಏನಿಲ್ಲ ಕಣಜ್ಜಿ,
ಎಂದದ್ದೂ ಮೈಕಿನಲ್ಲೇ ಹೋಯಿತು.