ಎರಡು ಹಾಳೆ ಒಟ್ಟಿಗೆ

ಐತಪ್ಪ ಕುಂದರ್ ಗೊತ್ತುಂಟಾ ನಿಮಗೆ?
ಹೆಸರಲ್ಲಿ ಗೊತ್ತಾಗದು. ಮುಖ ತೋರಿಸಿದರೆ ಹೇಳುತ್ತೀರಿ,
ಅಯ್ಯೋ, ಇವರಲ್ಲವಾ ಕೋರ್ಟಿನ ಸೀನಿನಲ್ಲಿ
ಕನ್ನಡಕ ತೆಗೆದು ಮೇಜಿನ ಮೇಲಿಟ್ಟವರು!
ಇವನೇ.
ಹಿಂದಿಯವರ ಪರದೆಯಲ್ಲಿ ಎ. ಕುಂದನ್.
ಯಾರೋ ಒಂದಕ್ಷರ ತಪ್ಪು ಬರೆದರು, ಇವನು ತಿದ್ದಲು ಹೋಗಲಿಲ್ಲ.
‘ಚಿನ್ನ ಅಂತ ಅರ್ಥವಂತೆ, ಇರಲಿ ಬಿಡು.’

ನಾನು ಅವನ ಪ್ರಾಂಪ್ಟರ್.
ಹಗಲು ಮಜಗಾಂವ್ ಡಾಕಿನಲ್ಲಿ ಪೀಪಾಯಿ ಎಣಿಸುವ ಕಾರಕೂನ,
ಸಂಜೆ ಬಲಗಡೆಯ ವಿಂಗಿನಲ್ಲಿ
ಒಂದು ಸ್ಟೂಲು, ಒಂದು ಟಾರ್ಚು, ಎಣ್ಣೆ ಕಲೆಯ ನೋಟ್‌ಬುಕ್ಕು.
ಅವನು ಫೋರ್ಟಿನ ಕ್ಯಾಂಟೀನಿನಲ್ಲಿ ಗ್ಲಾಸು ತೊಳೆಯುತ್ತಿದ್ದವನು,
ರಾತ್ರಿಶಾಲೆಯಲ್ಲಿ ಏಳನೆಯದಕ್ಕೆ ಮೂರು ಸಲ ಕೂತವನು.
ಮೂರನೆಯ ಸಲ ಮಾಸ್ತರು ಪಾಠ ಬಿಟ್ಟು ಬಣ್ಣ ಹಚ್ಚಿದರು.
ಮೊದಲ ವೇಷ, ಸತ್ತ ಸೈನಿಕ.
ಟ್ಯೂಬ್‌ಲೈಟಿನ ಹುಳ ಮೂಗಿನೊಳಗೆ ಹೋದರೂ
ಏಳಲಿಲ್ಲ ಪುಣ್ಯಾತ್ಮ.

ಆಮೇಲೆ ಇಪ್ಪತ್ತು ವರ್ಷ.
ಗಣಪತಿ ಪೆಂಡಾಲು, ಡೊಂಬಿವಲಿ, ಮುಲುಂಡ್,
ಒಮ್ಮೆ ಪುಣೆಯ ಸ್ಪರ್ಧೆಗೆ
ಕಿರೀಟದ ಟ್ರಂಕು ಮಡಿಲಲ್ಲಿಟ್ಟುಕೊಂಡು.
ಟ್ರಂಕಿಗೂ ಟಿಕೇಟು ಕೇಳಿದ ಟಿ.ಸಿ.ಯನ್ನು
ಇವನು ರಾಜನ ಗತ್ತಿನಲ್ಲಿ ನೋಡಿದ.
ದಂಡ ಕಟ್ಟಿದೆವು.

ಆ ದಿನದ್ದು ಹೇಳಬೇಕು.
ಮಾಟುಂಗದ ಹಾಲ್, ಕೊನೆಯ ಅಂಕ.
ಚಾಳಿನ ಬಾಗಿಲಲ್ಲಿ ಮಗನನ್ನು ಕಳಕೊಂಡ ಅಪ್ಪ.
ಪೊಲೀಸ ಬಂದು ಹುಡುಗನ ಹೆಸರು ಕೇಳುತ್ತಾನೆ.
ಇವನು ಹೇಳಬೇಕು.
ಇವನು ನನ್ನ ಕಡೆ ನೋಡಿದ.
ನಾನು ಎರಡು ಹಾಳೆ ಒಟ್ಟಿಗೆ ಮಗುಚಿದ್ದೆ.
ಬೆವರಿನ ಬೆರಳು, ಅಂಟಿದ ಕಾಗದ, ಟಾರ್ಚು ಕೆಳಗೆ ಬಿತ್ತು,
ಮುಂದಿನ ಪುಟದಲ್ಲಿ ಹೆಣ ಎತ್ತಿ ಆಗಿದೆ
ಹಿಂದಿನ ಪುಟದಲ್ಲಿ ಮಗ ಇನ್ನೂ ಚಾ ಕುಡಿಯುತ್ತಿದ್ದಾನೆ
ನಡುವಿನದು ಸಿಗುತ್ತಿಲ್ಲ ಸಿಗುತ್ತಿಲ್ಲ

ಫ್ಯಾನು ಮಾತ್ರ ಕಟಕಟ.
ಪೊಲೀಸನ ವೇಷದ ಬ್ಯಾಂಕಿನ ಕರ್ಕೇರ
ಟೊಪ್ಪಿ ತೆಗೆದ. ನಾಟಕದಲ್ಲಿ ಅದು ಇರಲಿಲ್ಲ.
ಮೂರನೆಯ ಸಾಲಿನಲ್ಲಿ ಒಬ್ಬ ಹೆಂಗಸು ಬಿಕ್ಕಿದಳು.
ಚಪ್ಪಾಳೆ ಬೀಳುವಾಗ ನನಗೆ ಪುಟ ಸಿಕ್ಕಿತು.

ಆ ಮೌನವನ್ನು ನೋಡಿದ ಮರಾಠಿ ನಿರ್ದೇಶಕನೊಬ್ಬ
ಸಿನಿಮಾಕ್ಕೆ ಕರೆದ. ಮಾತಿಲ್ಲದ ಪಾತ್ರಕ್ಕೆ.
ಅಲ್ಲಿಂದ ಮಾತಿಲ್ಲದವೇ ಬಂದವು.
ತಲೆದೂಗುವ ಜಡ್ಜು, ಲಿಫ್ಟಿನಲ್ಲಿ ನಿಂತ ಮುದುಕ,
ನಾಯಕಿಯ ಮನೆಯ ಗೋಡೆಯಲ್ಲಿ
ಗಂಧದ ಹಾರ ಹಾಕಿಸಿಕೊಂಡ ಅಪ್ಪ.
ಅದಕ್ಕೆ ಒಂದು ದಿನದ ಸಂಬಳ, ಫೋಟೋ ತೆಗೆದ ದಿನದ್ದು.
ಒಂದೇ ಒಂದು ಸಲ ಒಂದು ಸಾಲು ಸಿಕ್ಕಿತ್ತು,
ಅದನ್ನೂ ಬೇರೆಯವನ ಗಂಟಲಿನಿಂದ ಹೇಳಿಸಿದರು.
ದಾದರಿನ ಟಾಕೀಸಿನ ಕತ್ತಲಲ್ಲಿ
ಅವನ ತುಟಿಗಿಂತ ಮೊದಲು ನನ್ನ ಬಾಯಿ ಅಲ್ಲಾಡಿತು.
ಗಪ್ ಬಸಾ, ಅಂದ ಪಕ್ಕದವನು,
ಶೇಂಗಾ ಸಿಪ್ಪೆ ನನ್ನ ಚಪ್ಪಲಿಯ ಮೇಲೆ ಉದುರಿಸುತ್ತ.

ಮೊನ್ನೆ ಭಾಂಡುಪ್ ಸ್ಟೇಷನ್ನಿನಲ್ಲಿ ಹೇಳಿಬಿಟ್ಟೆ,
ಮೂವತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟದ್ದು.
‘ಎರಡು ಹಾಳೆ, ಐತಪ್ಪ. ತಪ್ಪು ನನ್ನದು.’
ಅವನು ಚಾವನ್ನು ಊದಿ ಊದಿ ಕುಡಿದ.
‘ನನಗೆ ಮಾತು ನೆನಪಿತ್ತು ಮಾರಾಯ.
ನೀನು ನೆಲದಲ್ಲಿ ಟಾರ್ಚು ತಡಕುವುದು ಕಾಣುತ್ತಿತ್ತು.
ನೀನು ಕೊಡುವ ಮೊದಲು ಹೇಳಿದರೆ
ನಿನಗೆ ಬೇಜಾರಾದೀತು ಅಂತ
ಸ್ವಲ್ಪ ಕಾದೆ.’

ಫಾಸ್ಟ್ ಲೋಕಲ್ ಒಂದು ನಿಲ್ಲದೆ ಹೋಯಿತು.
ಈಗ ಮಾತು ನನ್ನದು.
ವಿಂಗಿನಲ್ಲಿ ಯಾರೂ ಇರಲಿಲ್ಲ.

ಅವನು ತನ್ನ ಗ್ಲಾಸನ್ನು ತಾನೇ ಬಕೆಟ್ಟಿನಲ್ಲದ್ದಿ
ಕವುಚಿಟ್ಟ, ಹಳೆಯ ಕೈ.
ನಾಳೆ ಆರೂವರೆಗೆ ಗೋರೆಗಾಂವಿನಲ್ಲಿರಬೇಕಂತೆ,
ಹೆಣದ ಪಾತ್ರ, ಮಳೆ ಸೀನು.
‘ಒದ್ದೆಯಾದರೆ ಇನ್ನೂರು ಜಾಸ್ತಿ ಉಂಟು’ ಅಂತ
ನನ್ನ ಚಾದ ದುಡ್ಡನ್ನೂ ಕೊಟ್ಟು
ಸ್ಲೋ ಗಾಡಿ ಹತ್ತಿದ.