ನಾಲ್ಕು ಸೆಲ್ಲು

ಪೋಲೆಂಡಿನ ವೂಚ್ ಪಟ್ಟಣದ ನನ್ನ ಮೂಲೆಯಂಗಡಿಗೆ
ಸೋಮವಾರ ಬಂದರೆ ಬೊಗುಮಿಲಾ: ನಾಲ್ಕು ಸೆಲ್ಲು.
ಎಪ್ಪತ್ತೊಂದು ವರ್ಷ. ರಾತ್ರಿಯಿಡೀ ಕಾರು ರೇಸು.
"ವಾರಕ್ಕೊಂದು ದೊಡ್ಡ ರೊಟ್ಟಿ ನುಂಗುತ್ತೆ
ಈ ಹಾಳು ಕಂಟ್ರೋಲರು," ಎನ್ನುತ್ತ
ಚಿಲ್ಲರೆ ಸುರಿಯುತ್ತಾಳೆ, ಒಂದು ನಾಣ್ಯ ಕಡಿಮೆ.

ಚಾರ್ಜ್ ಆಗೋವು ತಗೋ ಅಂದೆ.
"ಐನೂರು ಸಲ ತುಂಬಬಹುದಂತೆ ಅವನ್ನ. ನನ್ನ?"

ಹಾಗಾದರೆ ತಂತಿ ಸಿಕ್ಕಿಸು, ಖರ್ಚೇ ಇಲ್ಲ.

ನಗು ನಿಂತಿತು.
ಬಟ್ಟೆ ಗಿರಣಿಯಲ್ಲಿ ಮೂವತ್ತೆಂಟು ವರ್ಷ
ಕಡಿದ ಎಳೆಗೆ ಗಂಟು ಹಾಕಿದ ಬೆರಳು
ಗಲ್ಲಾದ ಮೇಲೆ ಚಾಚಿದಳು:
"ಸಾಕಪ್ಪ ದಾರದ ಸಹವಾಸ.
ಕಾಸು ಹೋಗಲಿ, ಬಿಡು."

ಸತ್ತ ಸೆಲ್ಲುಗಳನ್ನು ಡಬ್ಬಕ್ಕೆ ಹಾಕುವ ಮುನ್ನ
ಅಂಗೈಯಲ್ಲಿ ಉಜ್ಜಿ, ಕಿವಿಯ ಬಳಿ ಅಲ್ಲಾಡಿಸಿ,
ಎರಡನ್ನು ಮತ್ತೆ ಕೋಟಿನ ಜೇಬಿಗಿಟ್ಟಳು.
ಇನ್ನೊಂದು ಸುತ್ತಿಗೆ ಆದೀತು.